ಹದಿನೈದು ವರ್ಷದ ತಪಸ್ಸುಕಾಲ

ಸರ್ ಥಾಮಸ್ ಮನ್ರೋನ ಹೆಸರು ಬಳ್ಳಾರಿ ಸೀಮೆಯವರಿಗೆ ಹೊಸದಲ್ಲ. 1800ರಲ್ಲಿ ನಿಜಾಮನು ಕಂಪೆನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಆತನೇ ಮೊದಲ ಮುಖ್ಯ ಕಲೆಕ್ಟರ್. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳೆಲ್ಲ ಆಗ ಆತನ ಆಡಳಿತಕ್ಕೆ ಸೇರಿದವು. ಮಂತ್ರಾಲಯದ ರಾಯರು ಬೃಂದಾವನದೊಳಗಿನಿಂದಲೇ ಆತನೊಡನೆ ಮಾತನಾಡಿದರೆಂಬ ಐತಿಹ್ಯ ಈ ಭಾಗದಲ್ಲಿ ಇಂದಿಗೂ ಜೀವಂತವಾಗಿದೆ. ಆದರೆ ಇಲ್ಲಿಗೆ ಬರುವ ಮುನ್ನ, 1799-1800ರಲ್ಲಿ, ಇದೇ ಮನ್ರೋ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದನೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಹದಿನೈದು ವರ್ಷ ಸೆರೆಯಲ್ಲಿದ್ದ ಒಂದು ಜನಸಮುದಾಯ ಘಟ್ಟವಿಳಿದು ತನ್ನ ಊರುಗಳಿಗೆ ಮರಳುತ್ತಿದ್ದ ಕಾಲವದು. ಅವರೇ ಮಂಗಳೂರು ಸೀಮೆಯ ಕೊಂಕಣಿ ಮಾತಿನ ಕಥೊಲಿಕ ಕ್ರೈಸ್ತರು.

ಎರಡನೆಯ ಮೈಸೂರು ಯುದ್ಧದ ಕೊನೆಯ ದಿನಗಳಲ್ಲಿ, 1784ರ ಫೆಬ್ರುವರಿಯಲ್ಲಿ, ಈ ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸುವ ಕಾರ್ಯ ಮೊದಲಾಯಿತು. ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ತಪ್ಪು ಯಾರದು, ಎಷ್ಟು ಜನರದು ಎಂಬ ವಿಚಾರಣೆಯಿಲ್ಲದೆ ಶಿಕ್ಷೆ ಇಡೀ ಸಮುದಾಯಕ್ಕೆ ಬಿತ್ತು. ಸೆರೆಯಾದವರ ಸಂಖ್ಯೆಯನ್ನು ಮನ್ರೋ 60,000 ಎಂದು ಬರೆದಿದ್ದಾನೆ. ಅದೇ ಊರಿನಲ್ಲಿ ಬಂದಿಯಾಗಿದ್ದ ಜೇಮ್ಸ್ ಸ್ಕರಿಯ ಲೆಕ್ಕ 30,000. ಸಂಖ್ಯೆಯ ಬಗ್ಗೆ ಚರ್ಚೆ ಇದ್ದರೂ ಘಟನೆಯ ಬಗ್ಗೆ ಸಂದೇಹವಿಲ್ಲ. ಆಸ್ತಿ ಮುಟ್ಟುಗೋಲಾಯಿತು, ಪಾದ್ರಿಗಳನ್ನು ಗಡಿಯಾಚೆ ಅಟ್ಟಲಾಯಿತು, 1680ರಲ್ಲಿ ಕಟ್ಟಿದ ಮಂಗಳೂರಿನ ಮಿಲಾಗ್ರಿಸ್ ಮೊದಲಾದ ಇಗರ್ಜಿಗಳು ನೆಲಸಮವಾದವು. ಮೂಡಬಿದಿರೆಯ ಬಳಿಯ ಹೊಸಬೆಟ್ಟಿನ ಇಗರ್ಜಿ ಮಾತ್ರ ಜೈನರಾದ ಚೌಟ ಅರಸರ ಆಸರೆಯಿಂದ ಉಳಿಯಿತೆಂದು ಹೇಳುತ್ತಾರೆ.

ಮುಂದೆ 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳುಹಿಸಿ ಗೌರವದಿಂದ ಪತ್ರ ಬರೆದವನೂ ಇದೇ ಟಿಪ್ಪು ಸುಲ್ತಾನ. ಅವನನ್ನು ತಕ್ಕಡಿಯಲ್ಲಿಟ್ಟು ತೂಗುವುದು ಈ ಲೇಖನದ ಉದ್ದೇಶವಲ್ಲ. ಸೆರೆಹೋದವರ ಮನಸ್ಸಿನಲ್ಲಿ ಏನು ಉಳಿಯಿತು ಎಂಬುದೇ ಇಲ್ಲಿಯ ಪ್ರಶ್ನೆ.

ಕಥೊಲಿಕರ ಧರ್ಮಾಚರಣೆ ಬಹುಮಟ್ಟಿಗೆ ಪಾದ್ರಿಯನ್ನು ಅವಲಂಬಿಸಿದೆ. ಆತನಿಲ್ಲದೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಸೆರೆಯವರಿಗೆ ಪಾದ್ರಿಯೂ ಇಲ್ಲ, ಇಗರ್ಜಿಯೂ ಇಲ್ಲ, ಹಬ್ಬವನ್ನು ಸಾರುವ ಗಂಟೆಯೂ ಇಲ್ಲ. ಗಂಡಸರಿಗೆ ಸುನ್ನತಿಯಾಯಿತು, ಪ್ರಾಯದವರು ಸೈನ್ಯಕ್ಕೆ ಸೇರಬೇಕಾಯಿತು. ಬಾಯಿಪಾಠದ ಪ್ರಾರ್ಥನೆಯನ್ನು ಮಾತ್ರ ಯಾರೂ ಕಸಿದುಕೊಳ್ಳುವಂತಿರಲಿಲ್ಲ. ಕೂಸು ಸಾಯುವ ಸ್ಥಿತಿಯಲ್ಲಿದ್ದರೆ ಯಾರು ಬೇಕಾದರೂ ನೀರೆರೆದು ಜ್ಞಾನಸ್ನಾನ ಕೊಡಬಹುದೆಂಬುದು ಅವರ ಧರ್ಮಸಭೆಯ ಹಳೆಯ ನಿಯಮ. ಹೊರಗಿನದೆಲ್ಲ ಕಳಚಿಬಿದ್ದ ಮೇಲೆ ಉಳಿಯಬಹುದಾದದ್ದು ಇಷ್ಟೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅಲ್ಲಿ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರ ಪಾಲಿಗೆ ಬಂತು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥದಿಂದ ಪ್ರಸಿದ್ಧರಾದವರೇ ಇವರು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಈ ಸೆರೆಯ ವಿಷಯವನ್ನು ಅವರು ಬಹು ಕಟುವಾಗಿ ಬರೆದಿದ್ದಾರೆ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದೆಗೊಟ್ಟು ನಿಂತು ಧರ್ಮಕ್ಕಾಗಿ ಪ್ರಾಣ ಕೊಡಲಿಲ್ಲವೆಂಬುದು ಅವರ ಕೊರಗು. ದ್ಯುಬುವಾ ಭಾರತಕ್ಕೆ ಬಂದದ್ದು 1792ರಲ್ಲಿ. ಅದೇ ವರ್ಷ ಪ್ಯಾರಿಸಿನ ಸೆರೆಮನೆಗಳಲ್ಲಿ ಎಷ್ಟೋ ಪಾದ್ರಿಗಳು ಕೊಲೆಯಾಗಿದ್ದರು. ಅವರ ಮಾತಿನ ಬಿಗಿಗೆ ಇದೂ ಒಂದು ಕಾರಣವಿರಬಹುದು.

ಆದರೆ ಅದೇ ಪತ್ರದಲ್ಲಿ ಅವರು ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾರೆ. ಸುಲ್ತಾನನ ಪತನದ ನಂತರ ಇವರಲ್ಲಿ ಹೆಚ್ಚಿನವರು ತಾವಾಗಿಯೇ ಪೂರ್ವಧರ್ಮಕ್ಕೆ ಮರಳಿದರು. ಸುಮಾರು 2,000 ಜನ ದ್ಯುಬುವಾ ಅವರ ಬಳಿಗೇ ಬಂದರು. ಹತ್ತಿರ ಹತ್ತಿರ 20,000 ಜನ ಮಂಗಳೂರು ಸೀಮೆಗೆ ನಡೆದರು. ಬದಲಾದದ್ದು ಹೊರಗಣ ವೇಷ, ಒಳಗಣ ನಂಬಿಕೆಯಲ್ಲ ಎಂಬುದು ಅವರ ವಿನಂತಿ. ಪಾದ್ರಿಗೆ ಇದು ದುರ್ಬಲರ ಸಬೂಬಿನಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಮಾತ್ರ ಆ ಮಾತಿಗಿಂತ ಅವರ ನಡೆ ಮುಖ್ಯ. 1784ರಲ್ಲಿ ಐದು ವರ್ಷದವನಾಗಿದ್ದ ಹುಡುಗ ಬಿಡುಗಡೆಯ ವೇಳೆಗೆ ಇಪ್ಪತ್ತರ ಯುವಕ. ಇಗರ್ಜಿಯ ನೆನಪು ಅವನಿಗೆ ಮಸುಕು. ಸೆರೆಯಲ್ಲೇ ಹುಟ್ಟಿದವರಿಗಂತೂ ಅದು ಕೇಳಿದ ಕಥೆ. ಕಾವಲು ತೆಗೆದ ಮೇಲೆ ಇದ್ದಲ್ಲೇ ಇದ್ದುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಊರಿನಲ್ಲಿ ಹೊಲಮನೆಗಳು ಪರರ ಪಾಲಾಗಿದ್ದವು. ಲಾಭವೆಂಬುದೇನೂ ಆ ದಾರಿಯ ಕೊನೆಯಲ್ಲಿರಲಿಲ್ಲ. ಆದರೂ ನಡೆದರು, ತಮ್ಮ ಪ್ರಾರ್ಥನಾಮಂದಿರಗಳನ್ನು ಮತ್ತೆ ಕಟ್ಟಿಕೊಂಡರು.

ಕಷ್ಟವು ಮನುಷ್ಯನನ್ನು ಪುಟಕ್ಕಿಟ್ಟ ಚಿನ್ನದಂತೆ ಮಾಡುತ್ತದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅನೇಕರನ್ನು ಅದು ಬರಿದೆ ಸುಡುತ್ತದೆ. ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತವರೆಷ್ಟೋ, ಮರಳದೆ ಬೇರೆಡೆ ಕರಗಿಹೋದವರೆಷ್ಟೋ. ಉಳಿದವರನ್ನೂ ಅದು ವೀರರನ್ನಾಗಿ ಮಾಡಲಿಲ್ಲ. ಯಾವುದು ರೂಢಿಯಿಂದ ಬಂದದ್ದು, ಯಾವುದು ತಮ್ಮದೇ ಆದದ್ದು ಎಂಬ ತಿಳಿವನ್ನು ಮಾತ್ರ ಕೊಟ್ಟಿತು. ಇಗರ್ಜಿ ಪಕ್ಕದಲ್ಲೇ ಇರುವಾಗ ಯಾರೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿಲ್ಲ. ಭಯದ ಕೆಳಗೆ ತಲೆಬಾಗಿದವನಿಗೂ ಧರ್ಮಶ್ರದ್ಧೆ ಇರಬಹುದೆಂಬುದಕ್ಕೆ ಆ 20,000 ಜನರ ಪ್ರಯಾಣಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಥೊಲಿಕರ ಪಂಚಾಂಗದಲ್ಲಿ ತಪಸ್ಸುಕಾಲವೆಂಬುದು ವಿಭೂತಿ ಬುಧವಾರದಂದು ಮೊದಲಾಗಿ ಈಸ್ಟರಿಗೆ ಮುಗಿಯುವ ನಲವತ್ತು ದಿನಗಳ ವ್ರತ. 1784ರಲ್ಲಿ ಅದು ಆರಂಭವಾದದ್ದೂ ಫೆಬ್ರುವರಿಯ ಕೊನೆಯ ವಾರದಲ್ಲೇ. ಆ ವರ್ಷದ ವ್ರತ ಹದಿನೈದು ವರ್ಷ ನಡೆಯಿತು. ಮುಂದೆ ಇದೇ ಸಮುದಾಯದ ಊರಾದ ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆಯಿತು. 1949ರಲ್ಲಿ ನಮ್ಮ ಬಳ್ಳಾರಿಯೂ ಒಂದು ಕಥೊಲಿಕ ಧರ್ಮಪ್ರಾಂತದ ಕೇಂದ್ರವಾಯಿತು. ಗೋಪುರಗಳೂ ಶಾಲೆಗಳೂ ಕಣ್ಣಿಗೆ ಬೀಳುವಂಥವು. ಅವೊಂದೂ ಇಲ್ಲದ ಹದಿನೈದು ವರ್ಷವನ್ನು ಈ ನಾಡಿನ ಜನರೇ ಒಮ್ಮೆ ಕಳೆದಿದ್ದಾರೆಂಬುದು ನಮ್ಮ ಚರಿತ್ರೆಯಲ್ಲಿ ಮರೆಯಬಾರದ ಪುಟ.