ಜಂತಿ ಮ್ಯಾಲ ಕಾಲಿಡ್ರಿ

ಅಕ್ಕಾರ, ವೈನ್ಯಾರ, ಅಟ್ಟ ಏರೂದು ಬ್ಯಾರೆ, ಅಟ್ಟದಾಗ ಅಡ್ಡಾಡೂದು ಬ್ಯಾರೆ. ಮೇಲವಂಕಿಯ ನಮ್ಮ ತವರಮನಿ ಅಟ್ಟದ್ದು ಇವತ್ತ ಹೇಳತೀನಿ.

ನಮ್ಮ ಕಡೆ ಮೊದಲೆಲ್ಲಾ ಮಣ್ಣಿನ ಮ್ಯಾಳಗಿ ಮನಿ. ತೊಲಿ, ತೊಲಿ ಮ್ಯಾಲ ಜಂತಿ, ಅದರ ಮ್ಯಾಲ ಹಲಗಿ ಇಲ್ಲಾ ಕಟಗಿ, ಮ್ಯಾಲ ದಪ್ಪಗೆ ಮಣ್ಣು. ಮಳಿ ಕಡಿಮಿ ಇರೂ ಸೀಮಿಗೆ ಅದ ತಕ್ಕದ್ದು. ಹಪ್ಪಳ ಸಂಡಿಗಿ ಒಣಸಾಕ, ಬ್ಯಾಸಗ್ಯಾಗ ಮಲಗಾಕ ಹೆಂಗಸರು ಅಲ್ಲೇ. ಎಲ್ಲಿ ಕಾಲಿಟ್ರೂ ನಡೀತಿತ್ತು.

1865ರಾಗ ಬಾಸೆಲ್ ಮಿಷನ್ನಿನವರು ಮಂಗಳೂರಾಗ ಹಂಚಿನ ಕಾರ್ಖಾನಿ ತೆಗೆದ್ರು. ಮುಂದ ಆ ನಮೂನಿ ಹಂಚು ದೂರದೂರದ ಊರಿಗೂ ಹೋತು. ನಮ್ಮಜ್ಜನೂ ಮಣ್ಣು ಇಳಿಸಿ ಹಂಚು ಹೊದಿಸಿದ. ಹಂಚು ಇಳಿಜಾರು, ಅದರ ಕೆಳಗ ಖಾಲಿ ಜಾಗ ಉಳೀತು. ಅದ ಅಟ್ಟ. ರೊಕ್ಕ ಸಾಲದ ಅರ್ಧಕ್ಕಷ್ಟ ಹಲಗಿ ಹಾಕಿದ್ರು. ಉಳಿದ ಕಡೆ ಬರೇ ಜಂತಿ, ಧೂಳು ಬೀಳಬಾರದಂತ ಕೆಳಗಿಂದ ಬಡದ ಬಿದಿರಿನ ಚಾಪಿ.

ಮ್ಯಾಳಗಿ ಮ್ಯಾಲ ಓಡ್ಯಾಡಿ ರೂಢಿಯಿದ್ದ ನಮ್ಮಜ್ಜಿ, ಕಾಳಿನ ಚೀಲ ನೋಡಾಕಂತ ಹೋಗಿ ಚಾಪಿ ಮ್ಯಾಲ ಕಾಲಿಟ್ಲು. ಕೆಳಗ ಬಿದ್ದು ಸೊಂಟ ಮುರೀತು. ಆಮ್ಯಾಲ ನಮ್ಮವ್ವ ದೀಪಾವಳಿಗೆ ಸುಣ್ಣ ಹಚ್ಚುವಾಗೆಲ್ಲಾ ಒಂದೊಂದು ಜಂತಿಗೂ ಬಿಳಿ ಗೆರಿ ಎಳೀತಿದ್ಲು. ಕತ್ತಲಾಗೂ ಕಾಣತಿತ್ತು. ಮೊಣಕಾಲು ನೋವು ಬಂದು ಅವ್ವ ಏರೂದು ಬಿಟ್ಲು, ಗೆರಿ ಮಾಸಿ ಹ್ವಾದ್ವು.

2019ರ ಆಗಸ್ಟ್‌ನ್ಯಾಗ ಘಟಪ್ರಭಾ ಉಕ್ಕಿ ಬಂದಾಗ ರಾತ್ರಿ ಜ್ವಾಳದ ಚೀಲ ಅಟ್ಟಕ್ಕ ಏರಿಸಬೇಕಾತು. ಕರೆಂಟಿಲ್ಲ. ಸ್ಲ್ಯಾಬಿನ ಮನ್ಯಾಗ ಬೆಳೆದ ನಮ್ಮ ಹುಡುಗರಿಗೆ ಜಂತಿ ಯಾವುದು, ಚಾಪಿ ಯಾವುದು ಗೊತ್ತಾಗಲಿಲ್ಲ. ಅಣ್ಣನ ಮಗನ ಕಾಲು ತೊಡಿಮಟ ಚಾಪ್ಯಾಗ ಇಳೀತು. ಪುಣ್ಯಾಕ್ಕ ಜಂತಿ ಅಪ್ಪಿಕೊಂಡ. ಕೆಳಗಿಂದ ಅವ್ವ ಒಂದ ಸವನ ಒದರತಿದ್ಲು: “ಎರಡು ಜಂತಿ ಹಿಡಕೋ, ಅಲ್ಲಾಡಬ್ಯಾಡ!” ಎಳಕೊಂಡ್ವಿ. ತೊಡಿ ಕೆತ್ತಿತ್ತು, ಅಷ್ಟ.

ಹಂಗಾಗಿ ಅವ್ವನ ನೇಮ ಬರದಿಡತೀನಿ. ಒಬ್ಬರ ಏರಬ್ಯಾಡ್ರಿ, ಕೆಳಗೊಬ್ಬರು ನಿಚ್ಚಣಿಕಿ ಹಿಡೀಲಿ, ಆದ್ರ ನೀವು ಅಡ್ಡಾಡೂ ಜಾಗದ ಕೆಳಗ ಯಾರೂ ನಿಲ್ಲಬಾರದು. ಬ್ಯಾಟರಿ ಕೊರಳಿಗೆ ಕಟಗೊಳ್ರಿ, ಎರಡೂ ಕೈ ಖಾಲಿ ಇರಲಿ. ಸೆರಗು ಸಿಗಿಸಿಕೊಳ್ರಿ. ಸಡಲ ಹಲಗಿ ಹಾಸಿದ್ರ ಮೂರು ಜಂತಿ ಮ್ಯಾಲ ಕೂಡಬೇಕು. ತುದಿ ಹೊರಗ ಚಾಚಿದ್ರ, ಅದರ ಮ್ಯಾಲ ಕಾಲಿಟ್ಟ ಕೂಡ್ಲೆ ಏತದಂಗ ಎದ್ದು ಕೆಡವತೈತಿ. ಗೆದ್ದಲ ಹಿಡದ ಜಂತಿ ಬಡದ್ರ ಟೊಳ್ಳು ಸಪ್ಪಳ ಬರತೈತಿ, ಅದರ ಮ್ಯಾಲ ಭಾರ ಹಾಕಬ್ಯಾಡ್ರಿ. ಮೂಲ್ಯಾಗ ಕೈ ಹಾಕೂ ಮೊದಲ ಚೇಳು, ಕಣಜ ನೋಡ್ರಿ.

ಮುಂದಿನ ಉಗಾದಿಗೆ ಉಳಿದರ್ಧ ಹಲಗಿ ಹಾಕಸೂಣಂತ ಅಣ್ಣ ಅಂದಾನ. ಅಜ್ಜ ಬಿಟ್ಟ ಕೆಲಸ ಮೊಮ್ಮಗ ಮುಗಸಲಿ. ಅಲ್ಲೀತನಕ ಇರಲಿ ಅಂತ ಹೋದ ದೀಪಾವಳಿಗೆ ನಾನ ಏರಿ ಸುಣ್ಣದ ಗೆರಿ ಎಳದು ಬಂದೀನಿ. ಅವ್ವ ಕೆಳಗ ನಿಚ್ಚಣಿಕಿ ಹಿಡಕೊಂಡು ನಿಂತಿದ್ಲು.