ಗ್ಯಾಮನ್ ಬೇಯಿಸುವಿಕೆ

ಉಪ್ಪು ಹಿಡಿಸಿದ, ಆದರೆ ಇನ್ನೂ ಬೇಯಿಸದ ಹಂದಿಯ ಹಿಂದೊಡೆಗೆ ಬ್ರಿಟನ್ನಿನಲ್ಲಿ ಗ್ಯಾಮನ್ ಎಂದು ಹೆಸರು. ಬೆಂದ ಮೇಲೆ ಅದೇ ಮಾಂಸ ಹ್ಯಾಮ್ ಆಗುತ್ತದೆ. ಬ್ರಿಟನ್ ಮತ್ತು ಐರ್ಲೆಂಡಿನ ಮನೆಗಳಲ್ಲಿ, ಅದರಲ್ಲೂ ಕ್ರಿಸ್‌ಮಸ್ ಹೊತ್ತಿಗೆ, ಇದನ್ನು ಇಡೀ ತುಂಡಾಗಿಯೇ ನೀರಿನಲ್ಲಿ ಬೇಯಿಸುವುದು ರೂಢಿ. ಮಾಂಸದೊಳಗಿನ ಹೆಚ್ಚಿನ ಉಪ್ಪು ಹೊರಗೆ ಬರಬೇಕು, ಅದರ ರಸ ಮಾತ್ರ ಒಳಗೇ ಉಳಿಯಬೇಕು. ಈ ಅಡುಗೆಯ ಕಷ್ಟವೆಲ್ಲ ಇಷ್ಟರಲ್ಲೇ ಇದೆ.

ಶೀತಕ ಯಂತ್ರಗಳಿಲ್ಲದ ಕಾಲದಲ್ಲಿ ಚಳಿಗಾಲದ ಆರಂಭದಲ್ಲಿ ಹಂದಿ ಕಡಿದು, ಮುಂದಿನ ತಿಂಗಳುಗಳಿಗಾಗಿ ಉಪ್ಪಿನಲ್ಲಿ ಕಾಪಿಡುತ್ತಿದ್ದರು. ಒಣ ಉಪ್ಪನ್ನು ತಿಕ್ಕುವುದು ಒಂದು ಬಗೆ, ಉಪ್ಪುನೀರಿನಲ್ಲಿ ಮುಳುಗಿಸಿಡುವುದು ಇನ್ನೊಂದು. ಎರಡನೆಯದರಲ್ಲಿ ಇಂಗ್ಲೆಂಡಿನ ವಿಲ್ಟ್‌ಷೈರ್ ಪದ್ಧತಿ ಹೆಸರಾದದ್ದು. ಕಾನ್ ಪಟ್ಟಣದ ಹ್ಯಾರಿಸ್ ಮನೆತನ 19ನೇ ಶತಮಾನದಲ್ಲಿ ಅದನ್ನು ದೊಡ್ಡ ಉದ್ಯಮವಾಗಿ ಬೆಳೆಸಿತು. ಉಪ್ಪಿನ ಜೊತೆಗೆ ಹಿಂದೆ ಪೆಟ್ಲುಪ್ಪು ಬೆರೆಸುತ್ತಿದ್ದರು, ಈಗ ಹೆಚ್ಚಾಗಿ ಸೋಡಿಯಂ ನೈಟ್ರೈಟ್ ಬಳಸುತ್ತಾರೆ. ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯದಂತೆ ಅದು ತಡೆಯುತ್ತದೆ. ಅದರಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ಮಾಂಸದ ಮಯೋಗ್ಲೋಬಿನ್‌ಗೆ ಅಂಟಿಕೊಂಡು, ಕಾವು ತಾಗಿದಾಗ ಮಾಸದ ಗುಲಾಬಿ ಬಣ್ಣ ಕೊಡುತ್ತದೆ. ಬರಿಯ ಹಂದಿಮಾಂಸ ಬೆಂದರೆ ಬೂದು ಬಣ್ಣಕ್ಕೆ ತಿರುಗುತ್ತದೆ, ಗ್ಯಾಮನ್ ಪೂರ್ತಿ ಬೆಂದರೂ ಗುಲಾಬಿಯಾಗಿಯೇ ಇರುತ್ತದೆ. ಹಾಗಾಗಿ ಬಣ್ಣ ನೋಡಿ ಬೆಂದಿದೆಯೇ ಎಂದು ಹೇಳಲಾಗದು.

ಬೇಯಿಸುವ ಮೊದಲು ಉಪ್ಪು ಬಿಡಿಸಬೇಕು. ಒಣ ಉಪ್ಪು ತಿಕ್ಕಿ ಹದಮಾಡಿದ ತುಂಡನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ನಡುವೆ ನೀರು ಬದಲಿಸುತ್ತಾರೆ. ಅಮೆರಿಕದ ವರ್ಜೀನಿಯಾದ ಕಂಟ್ರಿ ಹ್ಯಾಮ್ ತಿಂಗಳುಗಟ್ಟಲೆ ತೂಗಿಬಿಟ್ಟು ಒಣಗಿಸಿದ್ದು. ಅದರ ಮೇಲೆ ಕಟ್ಟಿದ ಬೂಷ್ಟನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಒಂದು ದಿನಕ್ಕೂ ಹೆಚ್ಚು ಹೊತ್ತು ನೆನೆಸಬೇಕಾಗುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಗ್ಯಾಮನ್‌ಗೆ ಉಪ್ಪು ಕಡಿಮೆ, ಬಹಳಷ್ಟು ಸಲ ನೆನೆಸುವುದೇ ಬೇಡ. ಅನುಮಾನವಿದ್ದರೆ ತಣ್ಣೀರಿನಲ್ಲಿಟ್ಟು ಒಂದು ಕುದಿ ಬರಿಸಿ ಆ ನೀರನ್ನು ಚೆಲ್ಲಬಹುದು. ಒಂದು ಚಮಚ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದರೆ ಉಪ್ಪಿನ ಅಳತೆ ತಿಳಿದುಬಿಡುತ್ತದೆ.

ಬಳಿಕ ತುಂಡು ಮುಳುಗುವಷ್ಟು ಹೊಸ ತಣ್ಣೀರು ಹಾಕಿ ಒಲೆಗೇರಿಸುತ್ತಾರೆ. ಈರುಳ್ಳಿ, ಕ್ಯಾರೆಟ್, ಸೆಲರಿ, ಬೇ ಎಲೆ, ಕಾಳುಮೆಣಸು ಸೇರುತ್ತವೆ. ಉಪ್ಪು ಮಾತ್ರ ಹಾಕುವುದಿಲ್ಲ. ನಿಧಾನವಾಗಿ ಕುದಿ ಬಂದಾಗ ಮೇಲೆ ಕಟ್ಟುವ ನೊರೆ ತೆಗೆದು ಉರಿ ಇಳಿಸಬೇಕು. ನೀರು ಕೊತಕೊತ ಕುದಿಯದೆ, ಅಲ್ಲಲ್ಲಿ ಒಂದೊಂದು ಗುಳ್ಳೆ ಏಳುವಷ್ಟು ಕಾವು ಸಾಕು. ಕಾವು ಹೆಚ್ಚಿದಂತೆ ಮಾಂಸದ ಎಳೆಗಳು ಕುಗ್ಗಿ ಒಳಗಿನ ರಸವನ್ನು ಹಿಂಡಿ ಹೊರಹಾಕುತ್ತವೆ. ಜೋರು ಉರಿಯಲ್ಲಿ ಬೆಂದ ಹ್ಯಾಮ್ ನೀರಿನೊಳಗೇ ಇದ್ದರೂ ಒಣಕಲಾಗುವುದು ಇದರಿಂದಲೇ. ಸಣ್ಣ ಉರಿಯಲ್ಲಾದರೆ ನಾರಿನಂಥ ಕೊಲಾಜೆನ್ ಮೆಲ್ಲಗೆ ಕರಗಿ ಜೆಲಟಿನ್ ಆಗುತ್ತದೆ, ಮಾಂಸ ಮೃದುವಾಗುತ್ತದೆ.

ಪ್ರತಿ 450 ಗ್ರಾಂಗೆ 20 ನಿಮಿಷ, ಒಟ್ಟಿನ ಮೇಲೆ ಇನ್ನೊಂದು 20 ನಿಮಿಷ ಎಂಬುದು ಹಳೆಯ ಲೆಕ್ಕ. 2 ಕಿಲೋ ತುಂಡಿಗೆ ಇದು ಸುಮಾರು 1 ಗಂಟೆ 50 ನಿಮಿಷವಾಗುತ್ತದೆ. ಆದರೆ ತೂಕ ಒಂದೇ ಆದರೂ ದಪ್ಪ ಬೇರೆಯಾಗಬಹುದು. ಥರ್ಮಾಮೀಟರ್ ಚುಚ್ಚಿ ನೋಡುವುದೇ ಮೇಲು. ತುಂಡಿನ ನಟ್ಟನಡುವೆ 70 ಡಿಗ್ರಿ ಸೆಲ್ಸಿಯಸ್ ಕಾವು 2 ನಿಮಿಷ ನಿಲ್ಲಬೇಕೆಂಬುದು ಬ್ರಿಟನ್ನಿನ ಆಹಾರ ಸುರಕ್ಷತೆಯ ಸಲಹೆ.

ಬೆಂದದ್ದನ್ನು ಹಾಗೆಯೇ ಬಿಸಿಯಾಗಿ ಹೆಚ್ಚಿ ಬಡಿಸಬಹುದು. ಇಲ್ಲವೇ ಮೇಲಿನ ತೊಗಲನ್ನು ಸುಲಿದು, ನೆಣದ ಮೇಲೆ ಚೌಕುಳಿ ಗೀರು ಹಾಕಿ, ಲವಂಗ ಚುಚ್ಚಿ, ಸಾಸಿವೆ ಮತ್ತು ಕಂದು ಸಕ್ಕರೆ ಸವರಿ ಬಿಸಿ ಓವನ್ನಿನಲ್ಲಿ ಹೊಳಪು ಬರುವವರೆಗೆ ಇಡುತ್ತಾರೆ. ತಣ್ಣಗೆ ತಿನ್ನುವುದಾದರೆ ಬೇಗ ಆರಿಸಿ ಫ್ರಿಜ್ಜಿನಲ್ಲಿಡಬೇಕು. ಇದು ದಿನನಿತ್ಯದ ಆಹಾರವಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಬೇಯಿಸಿದ ನೀರನ್ನು ಚೆಲ್ಲುವುದು ನಷ್ಟ. ಐರ್ಲೆಂಡಿನಲ್ಲಿ ಉಪ್ಪುಮಾಂಸ ಬೆಂದ ನೀರಿನಲ್ಲೇ ಎಲೆಕೋಸನ್ನು ಬೇಯಿಸಿ, ಆಲೂಗಡ್ಡೆ ಮತ್ತು ಪಾರ್ಸ್ಲಿ ಸಾಸ್ ಜೊತೆ ಬಡಿಸುತ್ತಾರೆ. ಇಂಗ್ಲೆಂಡಿನಲ್ಲಿ ಅದೇ ನೀರಿಗೆ ಒಣ ಬಟಾಣಿ ಬೇಳೆ ಹಾಕಿ ಗಟ್ಟಿ ಸೂಪ್ ಮಾಡುತ್ತಾರೆ. ಬೇಳೆ ಉಪ್ಪನ್ನು ಹೀರಿಕೊಳ್ಳುವುದರಿಂದ, ಹಾಗೇ ಕುಡಿಯಲಾಗದಷ್ಟು ಉಪ್ಪಾದ ನೀರೂ ಇದರಲ್ಲಿ ಹದಕ್ಕೆ ಬರುತ್ತದೆ.