ಕಾಲು ಸೋಲೋದೆಲ್ಲ ಡಿಸ್ಕ್ ಅಲ್ಲ: ಬೆನ್ನುಹುರಿಯ ಫಿಸ್ಟುಲಾ ಬಗ್ಗೆ ತಿಳಿದಿರಬೇಕಾದ್ದು

ಐವತ್ತು ದಾಟಿದ ಗಂಡಸು. ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಕಾಲು ಸೋಲುತ್ತೆ, ಪಾದ ಜೋಮು ಹಿಡಿಯುತ್ತೆ, ಕೆಲವು ತಿಂಗಳಲ್ಲಿ ಮೂತ್ರವೂ ಕಟ್ಟುತ್ತೆ. ಮದ್ದೂರಾಗಲಿ ಮಳವಳ್ಳಿಯಾಗಲಿ, ಮೊದಲ ಗುಮಾನಿ ಡಿಸ್ಕ್, ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಮೇಲೆ. ಬಹುತೇಕ ಸಲ ಅದು ಸರಿಯೇ. ಅಪರೂಪಕ್ಕೆ ಮಾತ್ರ ಕಾರಣ ‘ಸ್ಪೈನಲ್ ಡ್ಯೂರಲ್ ಎವಿ ಫಿಸ್ಟುಲಾ’.

ನಾಲೆ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ನಾಲೆ ನೀರು ಗದ್ದೆ ದಾಟಿ ಬಸಿಗಾಲುವೆ ಸೇರಬೇಕು. ಏರಿ ಒಡೆದು ನೇರ ಬಸಿಗಾಲುವೆಗೇ ನುಗ್ಗಿದರೆ, ಗದ್ದೆ ನೀರು ಹೊರಹೋಗದೆ ಜೌಗು ಹಿಡಿಯುತ್ತೆ. ಬೆನ್ನುಹುರಿಯ ಹೊದಿಕೆಯಲ್ಲಿ ರಕ್ತ ತರುವ ಅಪಧಮನಿ, ವಾಪಸ್ ಒಯ್ಯುವ ಅಭಿಧಮನಿಗೆ ನೇರ ಕೂಡಿಕೊಂಡರೆ ಆಗೋದೂ ಅದೇ. ಹುರಿ ಊದಿ, ನಿಧಾನಕ್ಕೆ ಸೊರಗುತ್ತೆ.

ವರ್ಷಕ್ಕೆ 10 ಲಕ್ಷ ಜನರಲ್ಲಿ 5ರಿಂದ 10 ಹೊಸ ರೋಗಿಗಳು ಅನ್ನೋದು ವೈದ್ಯರ ಅಂದಾಜು. 2011ರ ಜನಗಣತಿ ಪ್ರಕಾರ ಮಂಡ್ಯ ಜಿಲ್ಲೆಯಲ್ಲಿ ಸುಮಾರು 18 ಲಕ್ಷ ಜನ. ಅದೇ ದರ ಹಿಡಿದರೆ ವರ್ಷಕ್ಕೆ 9ರಿಂದ 18 ಮಂದಿ. ಇವರಲ್ಲಿ ಅನೇಕರಿಗೆ ಕಾಯಿಲೆಯ ಹೆಸರು ಸಿಗೋಕೇ ಒಂದರಿಂದ ಮೂರು ವರ್ಷ ಹಿಡಿಯುತ್ತೆ. ಸೊಂಟದ ಎಂಆರ್‌ಐ ಮಾತ್ರ ಮಾಡಿಸಿದರೆ ಎದೆಭಾಗದ ಹುರಿಯ ಊತ ತಪ್ಪಿಹೋಗಬಹುದು. ಬೇರೇನೋ ಉರಿಯೂತ ಅಂತ ಸ್ಟೀರಾಯ್ಡ್ ಕೊಟ್ಟರೆ ಕೆಲವರಿಗೆ ಕಾಲು ಮತ್ತಷ್ಟು ಬೀಳುತ್ತೆ. ಖಚಿತಪಡಿಸೋದು ಸ್ಪೈನಲ್ ಆಂಜಿಯೋಗ್ರಾಂ.

ಚಿಕಿತ್ಸೆಗೆ ಎರಡು ದಾರಿ. ಆಪರೇಷನ್‌ನಲ್ಲಿ ಬೆನ್ನುಮೂಳೆಯ ಹಿಂಭಾಗ ಸ್ವಲ್ಪ ತೆಗೆದು, ಆ ಅಭಿಧಮನಿ ಹುರಿಯ ಕಡೆ ಹೊರಡುವ ಜಾಗದಲ್ಲೇ ಮುಚ್ಚಿ ಕತ್ತರಿಸುತ್ತಾರೆ. 100ರಲ್ಲಿ 95ಕ್ಕೂ ಹೆಚ್ಚು ಸಲ ಒಂದೇ ಬಾರಿಗೆ ಮುಚ್ಚಿಹೋಗುತ್ತೆ. ಇನ್ನೊಂದು ಎಂಬೊಲೈಸೇಷನ್: ತೊಡೆಸಂದಿಯಿಂದ ಕ್ಯಾತಿಟರ್ ತೂರಿಸಿ ಅಂಟು ಬಿಡೋದು. ದೊಡ್ಡ ಗಾಯವಿಲ್ಲ, ಆದರೆ ಅಂಟು ಅಭಿಧಮನಿಯ ಬಾಯಿಗೆ ತಲುಪಲೇಬೇಕು. ಅಪಧಮನಿಯಲ್ಲೇ ನಿಂತರೆ ಅಕ್ಕಪಕ್ಕದ ನಾಳಗಳಿಂದ ರಕ್ತ ಮತ್ತೆ ದಾರಿ ಮಾಡಿಕೊಳ್ಳುತ್ತೆ. ಹುರಿಗೇ ರಕ್ತ ಕೊಡುವ ನಾಳವೂ ಅಲ್ಲಿಂದಲೇ ಹೊರಟಿದ್ದರೆ ಅಂಟಿನ ಸಹವಾಸ ಬೇಡ, ಆಪರೇಷನ್ನೇ ಸರಿ. ಚಿಕಿತ್ಸೆ ನಂತರ ನಡಿಗೆ ಸುಧಾರಿಸುವಷ್ಟು ಮೂತ್ರದ ತೊಂದರೆ ಸುಧಾರಿಸಲ್ಲ; ಎಷ್ಟು ಬೇಗ ಸಿಕ್ಕಿತು ಅನ್ನೋದೇ ಮುಖ್ಯ.

ಆಂಜಿಯೋಗ್ರಾಂ, ಎಂಬೊಲೈಸೇಷನ್, ಆಪರೇಷನ್ ಎಲ್ಲಾ ಇರುವ ನಿಮ್ಹಾನ್ಸ್ ಮಂಡ್ಯದಿಂದ ಸುಮಾರು 100 ಕಿ.ಮೀ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಅದೇನು ದೂರವಲ್ಲ. ತಡ ಆಗ್ತಿರೋದು ರಸ್ತೆ ಮೇಲಲ್ಲ, ರೆಫರಲ್ ಚೀಟಿಗೂ ಮುಂಚೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಭರಿಸುತ್ತೆ ನಿಜ, ಆದರೆ ಅಡ್ಮಿಟ್ ಆದ ಮೇಲೆ. ಅದಕ್ಕೂ ಮುಂಚಿನ ಒಪಿಡಿ ಅಲೆದಾಟ, ಮಾತ್ರೆ, ಕಳೆದ ಕೂಲಿ ಮನೆಯವರ ಲೆಕ್ಕಕ್ಕೇ ಬೀಳುತ್ತೆ.